ಪದಪಟ್ಟಿ, ಅರ್ಥಸಹಿತ

ತ್ರಿಯೆಸ್ತೆಯ ಹಳೆ ಬಂದರಿನ ಬೆನ್ನಿಗೆ
ಕಾಫಿ ದಲ್ಲಾಳಿಗಳ ಕಚೇರಿ, ಮೂರನೇ ಮಹಡಿ.
ಗೊರಿಜಿಯಾದಿಂದ ಬಂದಿದ್ದೆ ನಾನು,
ವ್ಯಾನಿನಲ್ಲಿ ಹೊಸ ಎಕ್ಸ್‌ಚೇಂಜಿನ ಪೆಟ್ಟಿಗೆ,
ಜೇಬಿನಲ್ಲಿ ನಲವತ್ತೊಂದು ಪದ.
ಕೆಳಗೆ ಬೀದಿಯಲ್ಲಿ ಬೋರಾ ಗಾಳಿಗೆ
ಜನ ಹಗ್ಗ ಹಿಡಿದು ನಡೆಯುತ್ತಿದ್ದರು.

ನೀವೆಸ್ ಕೊಶುತಾ ಕಿವಿಯ ಕಪ್ಪು ಬಟ್ಟಲು ಕಳಚಿ
ಕುತ್ತಿಗೆಗೆ ಇಳಿಸಿಕೊಂಡಳು.
ಮೂವತ್ತನಾಲ್ಕು ವರ್ಷ, ಇದೇ ಕುರ್ಚಿ.
"ಓದು. ನಾನು ಮಾಡಿದ್ದಕ್ಕೆಲ್ಲ
ಏನು ಹೆಸರಿಟ್ಟಿದ್ದಾರೋ ಕೇಳೋಣ."

ಟ್ರಂಕ್: ಬಟ್ಟೆ ತುಂಬುವ ಪೆಟ್ಟಿಗೆಯಲ್ಲ,
ಹೊರಲೋಕದ ತಂತಿ. ನಿಮಗಿರುವುದು ಆರು.
"ಐದು. ಆರನೆಯದು ಗಾಳಿ ಎದ್ದರೆ ಕೆಮ್ಮುತ್ತದೆ.
ಬಾಕಿ ಕೇಳಿದವರಿಗೆ ಅದರಲ್ಲೇ ತಿರುಗಿ ಕರೆಯುತ್ತೇನೆ."

ಎಕ್ಸ್‌ಟೆನ್ಶನ್: ಒಳಮನೆಗಳ ನಂಬರು.
ಅವಳಿಗೆ ನಂಬರಲ್ಲ;
ಹನ್ನೆರಡು ಅಂದರೆ ಉಬ್ಬಸ,
ಹದಿನೇಳು ಹೊಸ ಮದುವೆ,
ಇಪ್ಪತ್ತು ಎತ್ತಿದೊಡನೆ ಮೊದಲು ಉಗುಳು ನುಂಗುವ ಸದ್ದು.

ಹಂಟ್ ಗ್ರೂಪ್: ಒಬ್ಬ ಎತ್ತದಿದ್ದರೆ ಪಕ್ಕದವ,
ಅವನೂ ಎತ್ತದಿದ್ದರೆ ಅವನ ಪಕ್ಕದವ,
ಸಿಗುವ ತನಕ ಬೇಟೆ.
ನಕ್ಕಳು. "ಬೆಲೆ ಬಿದ್ದ ದಿನ ಇಲ್ಲಿ ಎಲ್ಲರೂ ಮೊಲಗಳೇ."

ನೈಟ್ ಸರ್ವಿಸ್: ಆರು ಗಂಟೆ ದಾಟಿದರೆ
ಯಾರೇ ಕರೆದರೂ ಕಾವಲುಗಾರನ ಗೂಡಿನಲ್ಲಿ ಗಂಟೆ.
ಇದಕ್ಕೆ ತಲೆ ಹಾಕಿದಳು, ಅಷ್ಟೆ.

ಬ್ಲೈಂಡ್ ಟ್ರಾನ್ಸ್‌ಫರ್:
ಯಾರು, ಯಾತಕ್ಕೆ, ಆಚೆಯವರಿಗೆ ತಿಳಿಸದೆ
ಕರೆಯನ್ನು ದಾಟಿಸಿ
ಕೈ ತೊಳೆದುಕೊಳ್ಳುವುದು.

ಅವಳು ಕಿಟಕಿಯ ಕಡೆ ನೋಡಿದಳು.
"ಗೋದಾಮಿನಲ್ಲಿ ತೂಕಕ್ಕೆ ನಿಲ್ಲುತ್ತಿದ್ದ ಸ್ತೇಲಿಯೊ. ಮೂವತ್ತೊಂದು.
ಹೆಂಡತಿ ದಿನಾ ಹನ್ನೊಂದೂವರೆಗೆ ಕರೆಯುವಳು,
ಮಧ್ಯಾಹ್ನಕ್ಕೆ ಏನು ಬೇಯಿಸಲಿ ಅಂತ.
ಅವತ್ತು ಐದು ದೀಪ ಒಟ್ಟಿಗೇ ಹತ್ತಿದ್ದವು.
ಹೋಗಮ್ಮಾ ಅಂತ ದಾಟಿಸಿದೆ.
ಮೂಟೆಗಳ ಅಟ್ಟಿ ಕುಸಿದು ಹತ್ತು ನಿಮಿಷವಾಗಿತ್ತು,
ನನಗಿನ್ನೂ ಯಾರೂ ಹೇಳಿರಲಿಲ್ಲ.
ಎತ್ತಿದ್ದು ಹೊಸ ಹುಡುಗ.
ಹೆಣ್ಣುದನಿ ಕೇಳಿ, ಆಸ್ಪತ್ರೆಯವರು ಅಂದುಕೊಂಡ.
ನಿಧಾನಕ್ಕೆ ಬನ್ನಿ, ಅಂದನಂತೆ,
ಇನ್ನು ಅವಸರವೇನೂ ಇಲ್ಲ."

ಗಾಜು ಅದುರಿತು.
ನಾನು ಪಟ್ಟಿಯನ್ನು ಮಡಚಿದೆ, ಬಿಚ್ಚಿದೆ.

"ಆಮೇಲೆ ಒಂದನ್ನೂ ಹಾಗೆ ಬಿಟ್ಟಿಲ್ಲ.
ಇಂಥವರು ಕರೆದಿದ್ದಾರೆ, ಮಾತಾಡುತ್ತೀಯಾ,
ಕೇಳಿಯೇ ಕೊಡುತ್ತೇನೆ.
ಅದಕ್ಕೂ ಹೆಸರಿದೆಯೇ?"

ಇತ್ತು. ಎರಡನೇ ಪುಟ. ಅಟೆಂಡೆಡ್.
ಅಂದರೆ? ಅಂದಳು.
ಮುದ್ರಿಸಿದ್ದ ಅರ್ಥ ಮೂರು ಸಾಲು ಉದ್ದವಿತ್ತು;
ಜೊತೆಗಿದ್ದು ದಾಟಿಸುವುದು, ಅಂದೆ.

ಹೊಸ ಪೆಟ್ಟಿಗೆಗೆ ಅದು ಬರುವುದೇ?
ಮನುಷ್ಯರು ಕೂತರೆ ಬರುತ್ತದೆ.
ಮಾರ್ಚಿನಿಂದ ಈ ಕುರ್ಚಿ ಇರುವುದಿಲ್ಲವೆಂದು
ಕರಾರಿನಲ್ಲಿ ನಾನು ಓದಿದ್ದೆ,
ಅವಳೂ ಓದಿದ್ದಳು.

ಆಮೇಲೆ, ಬಟ್ಟಲನ್ನು ಕಿವಿಗೇರಿಸುತ್ತ:
"ಮೂವತ್ತೊಂದನ್ನು ಈಗ ಯಾರಿಗೆ ಕೊಟ್ಟಿದ್ದೀ?"

ಫ್ಯಾಕ್ಸಿಗೆ.

"ಅದು ಕಿರುಚುತ್ತದಲ್ಲ," ಅಂದಳು.
ಆರನೆಯ ದೀಪ ಹತ್ತಿತು, ಕೆಮ್ಮುತ್ತ.