ಬೈತಖೋಲದಲ್ಲಿ ನನ್ನ ಹೆಸರು

ವರ್ಗವಾಗಿ ಬಂದ ಹೊಸತರಲ್ಲಿ
ಕೊಂಕಣಿ ಒಂದಕ್ಷರ ಬರುತ್ತಿರಲಿಲ್ಲ.
ಕಾರವಾರದ ಮೀನುಪೇಟೆಯಲ್ಲಿ
ಬಾಂಗಡೆಯ ರಾಶಿಗೆ ಬೆರಳು ತೋರಿಸಿ,
ಹುಬ್ಬು ಕುಣಿಸಿ, ನಾಲ್ಕು ಬೆರಳು ಮಡಚಿ ಬಿಚ್ಚಿ
ಚೌಕಾಸಿ ಮಾಡಿ ಗೆದ್ದಿದ್ದೇನೆ.
ಯಾರೂ ನನ್ನ ಕೈ ಹಿಡಿದು ಬೆನ್ನಿಗೆ ತಿರುಚಲಿಲ್ಲ.

ಅದು ನೆನಪಾಗಬೇಕಿತ್ತು ಆ ರಾತ್ರಿ.

ಆಷಾಢ. ದೋಣಿಗಳೆಲ್ಲ ದಡದ ಮೇಲೆ.
ಬಂದರಿನ ದೀಪ ಕೆಟ್ಟು ಮೂರು ದಿನ.
ವಾಕಿಟಾಕಿಯಲ್ಲಿ ಆದೇಶ: ಅಪರಿಚಿತರ ಮೇಲೆ ನಿಗಾ ಇರಲಿ.
ಜೆಟ್ಟಿಯ ತುದಿಯಲ್ಲಿ ಬೆನ್ನು ಮಾಡಿ ಕೂತವನೊಬ್ಬ.
'ಯಾರದು' ಎಂದೆ. 'ಏಯ್' ಎಂದೆ.
ಮೂರನೆಯ ಸಲ ಎಂದದ್ದನ್ನು ಬರೆಯಲಾರೆ.
ಭುಜಕ್ಕೆ ಕೈ ಹಾಕಿದೆ. ಹೌಹಾರಿ ಎದ್ದ,
ಅವನ ಎರಡೂ ಕೈ ನನ್ನ ಮುಖದ ಹತ್ತಿರ
ಬೇಗ ಬೇಗ ಆಡಿದವು.
ಹೊಡೆಯಲಿಕ್ಕೆ ಅಂದುಕೊಂಡೆ.
ವರದಿಯಲ್ಲೂ ಹಾಗೇ ಬರೆದೆ.
ಕಣ್ಣಿಗೆ ಟಾರ್ಚು ಹಿಡಿದು ಕೋಳ ತೊಡಿಸಿದಾಗ
ಗಂಟಲಿಂದೊಂದು ಸದ್ದು ಬಂತು.
ಅಮಲು, ಎಂದ ಜೊತೆಗಿದ್ದ ಹೋಮ್‌ಗಾರ್ಡು.

ಬೆಳಿಗ್ಗೆ ಅಕ್ಕ ಬಂದಳು, ಶೇವಂತಿ ಹರಿಕಂತ್ರ,
ತಲೆಯ ಮೇಲಿನ ಬುಟ್ಟಿ ಇಳಿಸದೆಯೇ:
'ಬುಧೋಗೆ ಹುಟ್ಟಿದಾಗಿಂದ ಕೇಳೂದಿಲ್ಲ.
ಅವ ಮಾತಾಡೂದು ಕೈಯಲ್ಲಿ.
ರಾತ್ರಿಯೆಲ್ಲ ನೀವು ಅವನ ಬಾಯಿಯನ್ನ
ಬೆನ್ನ ಹಿಂದೆ ಕಟ್ಟಿಟ್ರಿ.
ಕಣ್ಣಿಗೆ ಬೆಳಕು ಬಿಟ್ಟು ಕಿವಿಯನ್ನೂ ಮುಚ್ಚಿದ್ರಿ.'

ಆಮೇಲೆ ಠಾಣೆಯ ಬೆಂಚಿನ ಮೇಲೆ ಕೂತು
ನನ್ನ ಟಾರ್ಚು ತಾನೇ ತೆಗೆದುಕೊಂಡು
ನನ್ನ ಗದ್ದದ ಕೆಳಗೆ ಹಿಡಿದಳು:
'ಹೀಂಗೆ. ಮೊದಲು ನಿಮ್ಮ ಮುಖ ಕಾಣಲಿ.
ಎದುರಿಂದ ಬನ್ನಿ. ಹಿಂದಿಂದ ಮುಟ್ಟಬೇಡಿ.
ಆ ಮೀಸೆ ಒಂಚೂರು ಕತ್ತರಿಸಿ,
ತುಟಿಯೇ ಕಾಣೂದಿಲ್ಲ.'
ಎಸ್ಸೈ ಸಾಹೇಬರು ಫೈಲಿನ ಹಿಂದೆ ನಕ್ಕರು.

ಈಗ ಸದಾಶಿವಗಡದ ನಾಕಾದಲ್ಲಿ ರಾತ್ರಿ ಪಾಳಿ.
ಗಾಡಿ ನಿಲ್ಲಿಸಿ ಮೊದಲು ನನ್ನ ಮೇಲೇ
ಬೆಳಕು ಬಿಟ್ಟುಕೊಳ್ಳುತ್ತೇನೆ.
ಹಾತೆಗಳು ಬಂದು ಹಲ್ಲಿಗೆ ಬಡಿಯುತ್ತವೆ.
'ಏನು ಸಾಹೇಬ್ರೆ, ಬಣ್ಣ ಹಚ್ಚೂದು ಬಾಕಿಯಾ?'
ಎನ್ನುತ್ತಾರೆ ಗೋವಾದ ಕಡೆಯ ಲಾರಿಯವರು.
ಜೇಬಿನಲ್ಲೊಂದು ಸಣ್ಣ ನೋಟುಬುಕ್ಕು,
ದಾರ ಕಟ್ಟಿದ ಪೆನ್ನು.
ಬೈಕಿನ ಹುಡುಗನೊಬ್ಬ ತೊದಲುತ್ತ
ತನ್ನ ಹೆಸರು ಹೇಳಿ ಮುಗಿಸಲು ಹಿಡಿದದ್ದು
ಮೂರು ಲಾರಿ ದಾಟುವಷ್ಟು ಹೊತ್ತು.
ನಡುವೆ ಎರಡು ಸಲ ನಾನೇ ಹೇಳಿಬಿಡಲು ಬಾಯಿ ತೆರೆದೆ,
ಮುಚ್ಚಿಕೊಂಡೆ.
ಎರಡೇ ಅಕ್ಷರದ ಹೆಸರು.

ಬುಧೋ ಕ್ಷಮಿಸಿದ್ದಾನೆ ಎನ್ನಲಾರೆ.
ಎದುರಾದರೆ ದಾರಿ ಬದಲಿಸುತ್ತಾನೆ.
ಮೊನ್ನೆ ಪೇಟೆಯಲ್ಲಿ ಮಾತ್ರ ನಿಂತ.
ನನ್ನ ಕಡೆ ಗದ್ದ ತೋರಿಸಿ ಅಕ್ಕನಿಗೆ
ಎರಡು ಮಣಿಕಟ್ಟು ಒಂದಕ್ಕೊಂದು ತಾಗಿಸಿದ.
ಏನಂತೆ, ಎಂದೆ.

'ಅವನ ಕಡೆ ಎಲ್ಲರಿಗೂ ಒಂದೊಂದು ಹೆಸರುಂಟು'
ಅಂದಳು ಶೇವಂತಿ, ಬಾಂಗಡೆ ಎಣಿಸುತ್ತ.
'ಅದು ನಿಮ್ಮದು.'