ಒಂಬತ್ತು ಇಂಚು

ಸರ್ವೆಯವರು ಗಾಡಿಕೊಪ್ಪಕ್ಕೆ ಬಂದದ್ದು ಮಂಗಳವಾರ,
ಟೇಪು ಹಿಡಿಯಲು ಜನ ಇಲ್ಲದೆ
ಒಂದು ತುದಿ ನನಗೇ ಕೊಟ್ಟರು, ಇನ್ನೊಂದು ಫಿಲೋಮಿನಾಗೆ.
ಮೂರು ವರ್ಷದ ಮೇಲೆ ನಾವಿಬ್ಬರೂ
ಒಟ್ಟಿಗೆ ಏನನ್ನಾದರೂ ಹಿಡಿದದ್ದು.

ಅವಳ ಒಗೆಯುವ ಕಲ್ಲು ನನ್ನ ಸೈಟಿನೊಳಗೆ ಎಂದು
ವಕೀಲರಿಗೆ ಎಂಟು ಸಾವಿರ ಸುರಿದವಳು ನಾನು;
ನನ್ನ ಕರಿಬೇವಿನ ಬುಡಕ್ಕೆ ಬಿಸಿನೀರು ಹುಯ್ದವಳು ಅವಳು,
ಅಂತ ಗುಮಾನಿ. ಕಣ್ಣಾರೆ ಕಂಡಿಲ್ಲ.

"ಬಿಗಿಯಾಗಿ ಎಳೀರಿ" ಅಂದರು. ಎಳೆದೆವು.
ನಕ್ಷೆ ತಿರುಗಿಸಿ, ಕನ್ನಡಕ ಒರೆಸಿ, ಮತ್ತೆ ಅಳೆದು,
"ಅವರದು ನಿಮ್ಮಲ್ಲಿ ಒಂಬತ್ತು ಇಂಚು, ನಿಜ.
ನಿಮ್ಮದು ಆಚೆ ಶೇಖಪ್ಪನವರಲ್ಲಿ ಒಂಬತ್ತು.
ಅವರದು ಟೈಲರ್ ಮನೆಯಲ್ಲಿ.
ಮೊದಲ ಕಲ್ಲೇ ತಪ್ಪಿ ನೆಟ್ಟಿದಾರೆ ಮೇಡಂ,
ಸರಿ ಮಾಡ್ಬೇಕಂದ್ರೆ ಬೀದಿಗೆ ಬೀದೀನೇ ಸರೀಬೇಕು."

ಬೀದಿ ಸರಿಯುವುದನ್ನು ನೆನೆದೆ:
ಸಂಪು, ಗೇಟು, ಮಲಗಿದ್ದ ಶೇಖಪ್ಪನ ನಾಯಿ ಸಮೇತ
ಒಂಬತ್ತೇ ಇಂಚು, ಮೆಲ್ಲಗೆ.
ನಗು ಒತ್ತಿಕೊಂಡು ಬಂತು.
ಟೇಪು ನಡುಗಿತು. ನನ್ನ ಕೈಯಲ್ಲ ಅದು,
ಆ ತುದಿಯಿಂದ.

ರಾಜಿಪತ್ರಕ್ಕೆ ಸಹಿಯಾಯಿತು. ಕಲ್ಲು ಅಲ್ಲೇ ಇದೆ,
ದಿನಾ ಬೆಳಿಗ್ಗೆ ಧಪ್ ಧಪ್.
ಕರಿಬೇವು ಬುಡದಲ್ಲಿ ಎರಡು ಎಲೆ ಬಿಟ್ಟಿದೆ.
ಆ ಮಾತು ಮಾತ್ರ
ನಾನಿನ್ನೂ ಎತ್ತಿಲ್ಲ.