ಕೊಸರು

ರಾತ್ರಿ ಎರಡಕ್ಕೆ ಸಂಡೂರಿನ ಗುಡ್ಡ
ಲಾರಿಗಳಲ್ಲಿ ಕೂತು ಕೆಳಗಿಳಿಯುತ್ತದೆ.
ಟಾರ್ಪಾಲು ಹೊದ್ದು, ಕೆಮ್ಮುತ್ತ,
ನನ್ನ ಕಿಟಕಿಯ ಮುಂದೆ ಒಂದು ಗಳಿಗೆ ನಿಂತು
ತನ್ನ ಭಾರ ಹೇಳಿ ಹೋಗುತ್ತದೆ.

ನಾನು ಆಶೀರ್ವಾದಪ್ಪ, ವೇಬ್ರಿಜ್ಜಿನ ಗುಮಾಸ್ತ.
ನನಗೆ ಗೊತ್ತಿರುವುದು ಎರಡೇ ಸಂಖ್ಯೆ:
ಪರದೆಯ ಮೇಲೆ ಕೆಂಪಗೆ ಉರಿಯುವುದು ಒಂದು,
ಚೀಟಿಯಲ್ಲಿ ಬರೆಯಬೇಕಾದದ್ದು ಇನ್ನೊಂದು.
ಇವೆರಡರ ನಡುವೆ ಮಾಯವಾದ ಒಂಬತ್ತು ಟನ್ನಿನಲ್ಲಿ
ಯಾರದೋ ಮಹಡಿ ಏಳುತ್ತದೆ,
ಯಾರದೋ ಮದುವೆಗೆ ಆನೆ ಬರುತ್ತದೆ,
ಮೊನ್ನೆ ಮೊನ್ನೆ ಪೋಲೀಸನಾದ ಹುಡುಗ
ಹೊಸ ಬೂಟಿನಲ್ಲಿ ಬಂದು ಚಹಾ ಕೇಳುತ್ತಾನೆ.

"ಹದಿನಾರು ಅಂತ ಬರಿಯಣ್ಣ,
ನಿನ್ ಗಂಟೇನು ಹೋಗ್ತೈತಿ?"

ಬರೆದಿದ್ದೇನೆ. ಸುಳ್ಳೇಕೆ,
ಮಗಳ ನರ್ಸಿಂಗ್ ಫೀಸಿನ ವರ್ಷ
ಹನ್ನೊಂದು ಸಲ ಹದಿನಾರು ಅಂತ ಬರೆದಿದ್ದೇನೆ.
ಪೆನ್ನು ನಡುಗಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಡ್ರಾಯರಿನಲ್ಲಿ ರಾಹೇಲಜ್ಜಿಯ ಪುಸ್ತಕ.
ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹುಣಸೆಹಣ್ಣು ತೂಗುತ್ತಿದ್ದವಳು,
ಓದಲು ಕಲಿತದ್ದೇ ನಲವತ್ತು ದಾಟಿದ ಮೇಲೆ,
ಬೆರಳಿಟ್ಟು, ಒಂದೊಂದೇ ಅಕ್ಷರ,
ಹಣ್ಣಿನಿಂದ ಬೀಜ ಬಿಡಿಸಿದ ಹಾಗೆ.
ಅವಳ ಬೆರಳಿನ ಕಂದು ಇನ್ನೂ ಅಂಚಿನಲ್ಲಿದೆ;
ಅದರ ಮೇಲೀಗ ನನ್ನ ಕೆಂಪು.

ಮೊದಲೆಲ್ಲ ಸಿಟ್ಟಿಗೆ ಓದುತ್ತಿದ್ದೆ.
ಕಳ್ಳತೂಕವನ್ನು ಬೈಯುವ ಪುಟಗಳನ್ನೇ ಹುಡುಕಿ
ಯಜಮಾನರ ಹೆಸರು ಮನಸ್ಸಲ್ಲೇ ಸೇರಿಸುತ್ತಿದ್ದೆ.
ಹನ್ನೊಂದು ಚೀಟಿಗಳಾದ ಮೇಲೆ
ಆ ಜಾಗದಲ್ಲಿ ನನ್ನ ಹೆಸರೂ ಸರಿಯಾಗಿ ಕೂತಿತು.
ಮುಚ್ಚಿದೆ. ತಿಂಗಳುಗಟ್ಟಲೆ
ಅದರ ಮೇಲೆ ಊಟದ ಡಬ್ಬಿ ಇಟ್ಟೆ.

ಮತ್ತೆ ತೆರೆದದ್ದು ಕರೆಂಟು ಹೋದ ಒಂದು ರಾತ್ರಿ.
ಲಾರಿಗಳ ಸಾಲು ತಿರುವಿನಾಚೆಗೂ ಗುರುಗುಟ್ಟುತ್ತಿತ್ತು.
ಮೊಬೈಲಿನ ಬೆಳಕಲ್ಲಿ, ಯಾವ ಪುಟವೆಂದು ನೋಡದೆ.
ಅಲ್ಲೊಬ್ಬ ಪ್ರವಾದಿ, ನನ್ನ ಹಾಗೇ
ಎತ್ತರದ ಕಾವಲಿನಲ್ಲಿ ನಿಂತು ದೇವರ ಜೊತೆ ಜಗಳ ತೆಗೆದಿದ್ದ:
ನ್ಯಾಯ ಸೊಟ್ಟಗಾಗಿದೆ, ನೋಡುತ್ತ ಸುಮ್ಮನಿದ್ದೀಯಲ್ಲ?
ಇನ್ನೊಂದು ಕಡೆ ಇತ್ತು,
ರಾಜ್ಯಗಳೆಂದರೆ ಅವನಿಗೆ ತಕ್ಕಡಿಗಂಟಿದ ಧೂಳಂತೆ.

ಧೂಳು! ಒಬ್ಬನೇ ನಕ್ಕೆ.
ಧೂಳಿನ ವಿಷಯ ನನಗಲ್ಲದೆ ಯಾರಿಗೆ ಗೊತ್ತು?
ದಿನವೂ ಬೆಳಿಗ್ಗೆ ಖಾಲಿ ತಟ್ಟೆ
ನಲವತ್ತು ಕಿಲೋ ತೋರಿಸುತ್ತದೆ,
ಯಾರದೂ ಅಲ್ಲದ ಭಾರ, ರಾತ್ರಿಯೆಲ್ಲ ಉದುರಿದ್ದು.
ಗುಡಿಸಿ ಗುಂಡಿ ಒತ್ತಿದರೆ ಸೊನ್ನೆ.
ಎಂಥ ಆರ್ಭಟದ ಲಾರಿ ಹಾದರೂ
ಕೊನೆಗೆ ಈ ಕಬ್ಬಿಣ ಸೊನ್ನೆಗೆ ಬರಲೇಬೇಕು.

ಪೊರಕೆ ಅವನ ಕೈಯಲ್ಲಿದೆ ಅಂದುಕೊಂಡೆ.
ಯಾವಾಗ ಗುಡಿಸುತ್ತಾನೋ ಬರೆದಿಲ್ಲ.
ನಮ್ಮ ಅಯ್ಯನೋರು ಬೇಗ ಅನ್ನುತ್ತಾರೆ;
ಅವರಿಗೆ ರಾತ್ರಿಪಾಳಿ ಇಲ್ಲ.

ಮರುದಿನ ಇಪ್ಪತ್ತೈದನ್ನು ಇಪ್ಪತ್ತೈದು ಅಂತಲೇ ಬರೆದೆ.
ಭೂಮಿ ಬಿರಿಯಲಿಲ್ಲ. ಲಾರಿ ಬೇರೆ ದಾರಿ ಹಿಡಿಯಿತು.
ಸಂಜೆಗೆ ನನ್ನ ಕುರ್ಚಿಯಲ್ಲಿ ಮ್ಯಾನೇಜರನ ಅಳಿಯ;
ನನಗೆ ಗೇಟು, ಒಂದು ಸೀಟಿ, ಅರ್ಧ ಸಂಬಳ.
ಸುವಾರ್ತಮ್ಮ ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ ಮಂಡಾಳು ಒಗ್ಗರಣೆಯ ಡಬ್ಬಿಯಲ್ಲಿ
ಎರಡು ಮಿರ್ಚಿ ಹೆಚ್ಚಿಗೆ ಇದ್ದವು.

ಅಜ್ಜಿ ಹಾಗೇ ಮಾಡುತ್ತಿದ್ದಳು:
ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೆ
ಇನ್ನೊಂದು ಹಿಡಿ ಹಣ್ಣು ಮೇಲಿಂದ.
"ತೂಕ ನಂದು, ಕೊಸರು ಅವಂದು" ಅನ್ನುತ್ತಿದ್ದಳು.
ಲಾಭ ಹೆಂಗಬೇ ಅಂದರೆ
ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು, ಅಷ್ಟೇ.

ನನ್ನ ಹನ್ನೊಂದು ಚೀಟಿ ಎಲ್ಲೋ ಒಂದು ಫೈಲಿನಲ್ಲಿವೆ.
ಹೋದ ಗುಡ್ಡ ತಿರುಗಿ ಬರುವುದಿಲ್ಲ.
ತೂಗುವವನು ನನ್ನನ್ನೂ ತೂಗಲಿ;
ಮುಳ್ಳು ನಿಂತ ಮೇಲೆ
ಅವನ ಕೈ ಇನ್ನೊಮ್ಮೆ ಬುಟ್ಟಿಗೆ ಹೋಗುತ್ತದೆಂದು
ಓದಿದ್ದೇನೆ, ನಂಬಿದ್ದೇನೆ, ಕೆಲವು ರಾತ್ರಿ ಅಳುಕಿದ್ದೇನೆ.

ಇಗೋ, ಮತ್ತೊಂದು ಲಾರಿ ಬಂತು.
ಸೀಟಿ ಊದುತ್ತೇನೆ.
ಹೋಗಪ್ಪ, ಹೋಗು.
ಮುಂದೆಯೂ ಒಂದು ತೂಕವಿದೆ.